ವರ್ತನೆಯ ಅಂಗಡಿಯಲ್ಲಿ ತೂಕ ಕಡಿಮೆ ಬಂದರೆ

ಪ್ರಶ್ನೆ: ನಮ್ಮದು ಮೈಸೂರಿನಲ್ಲಿ ಐದು ಜನರ ಮನೆ. ನಾನು ಮದುವೆಯಾಗಿ ಬಂದಾಗಿನಿಂದ ಬೀದಿಯ ಮೂಲೆಯ ದಿನಸಿ ಅಂಗಡಿಯಲ್ಲೇ ನಮ್ಮ ವರ್ತನೆ; ತಿಂಗಳ ಕೊನೆಗೆ ಲೆಕ್ಕ ಚುಕ್ತಾ ಮಾಡುತ್ತೇವೆ. ಇತ್ತೀಚೆಗೆ ಮಗ ಅಡುಗೆಮನೆಗೆ ಒಂದು ಸಣ್ಣ ಡಿಜಿಟಲ್ ತಕ್ಕಡಿ ತಂದ. ಅದರಲ್ಲಿ ತೂಗಿದರೆ ಅಂಗಡಿಯಿಂದ ತಂದ ಒಂದು ಕಿಲೋ ತೊಗರಿಬೇಳೆ 965 ಗ್ರಾಂ, 50 ಗ್ರಾಂ ಏಲಕ್ಕಿ 42 ಗ್ರಾಂ ತೋರಿಸಿತು. ಬೇಳೆ ತೊಳೆದ ನೀರು ಹಳದಿಯಾಗುತ್ತದೆ. ಅಕ್ಕಿ ನೆನೆಹಾಕಿದರೆ ಕೆಲವು ಕಾಳು ತೇಲುತ್ತವೆ. ಪ್ಲಾಸ್ಟಿಕ್ ಅಕ್ಕಿಯೆಂದು ವಾಟ್ಸ್ಆ್ಯಪ್‌ನಲ್ಲಿ ಬಂದ ವಿಡಿಯೊ ನೋಡಿ ಭಯವಾಗಿದೆ. ಹಾಲಿಗೂ ತಂಪು ಪಾನೀಯಕ್ಕೂ ಫ್ರಿಜ್ ಖರ್ಚೆಂದು ಒಂದೆರಡು ರೂಪಾಯಿ ಹೆಚ್ಚು ತೆಗೆದುಕೊಳ್ಳುತ್ತಾರೆ. ಈಗೀಗ ಫೋನಿನಲ್ಲಿ ಬೇಡ, ನಗದೇ ಕೊಡಿ ಎನ್ನುತ್ತಾರೆ. ಎಲ್ಲವನ್ನೂ ಆ್ಯಪ್‌ನಲ್ಲೇ ತರಿಸೋಣ ಎಂಬುದು ಮಗನ ಹಟ. ಆದರೆ ನಮ್ಮ ಕಷ್ಟಕಾಲದಲ್ಲಿ ತಿಂಗಳುಗಟ್ಟಲೆ ಉದ್ರಿ ಕೊಟ್ಟವರನ್ನು ತೂಕದ ಬಗ್ಗೆ ಕೇಳಲು ನನಗೆ ಬಾಯಿ ಬರುತ್ತಿಲ್ಲ. ನಾವು ಮೋಸ ಹೋಗುತ್ತಿದ್ದೇವೆಯೇ? ಅಂಗಡಿ ಬಿಡಬೇಕೇ?

ಉತ್ತರ: ತಾವು ಬರೆದದ್ದರಲ್ಲಿ ಕನಿಷ್ಠ ಐದು ಬೇರೆ ಬೇರೆ ಸಂಗತಿಗಳು ಒಂದೇ ಸಂಶಯದಲ್ಲಿ ಕಲೆತುಹೋಗಿವೆ. ಅವುಗಳಲ್ಲಿ ಒಂದು ನಿಜವಾಗಿಯೂ ಕೇಳಬೇಕಾದ ತೂಕದ ಕೊರತೆ. ಒಂದು ತಕ್ಕಡಿಯ ಮಿತಿಯಿಂದ ಹುಟ್ಟಿರಬಹುದಾದದ್ದು. ಒಂದು ಸ್ಪಷ್ಟ ಕಾನೂನು ಉಲ್ಲಂಘನೆ. ಪ್ಲಾಸ್ಟಿಕ್ ಅಕ್ಕಿ ಎಂಬುದಂತೂ ಬರೀ ವದಂತಿ. ಕಾನೂನು ಮಾಪನಶಾಸ್ತ್ರ ಇಲಾಖೆಯಲ್ಲಿ, ಅಂದರೆ ಜನ ಇಂದಿಗೂ ತೂಕ ಮತ್ತು ಅಳತೆ ಇಲಾಖೆ ಎಂದು ಕರೆಯುವ ಕಡೆ, ನಿರೀಕ್ಷಕನಾಗಿ ಕೆಲಸ ಮಾಡಿದ ಅನುಭವದಿಂದ ಹೇಳುವುದಾದರೆ, ಸಣ್ಣ ಅಂಗಡಿಗಳ ಬಗೆಗಿನ ದೂರುಗಳಲ್ಲಿ ಇವೆಲ್ಲ ಹೀಗೆಯೇ ಒಟ್ಟಿಗೆ ಬರುತ್ತವೆ. ಬಿಡಿಸಿ ನೋಡದಿದ್ದರೆ ನಿಜವಾದ ತಪ್ಪು ಸುಮ್ಮನೆ ದಾಟಿಹೋಗಿ, ಇಲ್ಲದ ತಪ್ಪಿಗೆ ಸಂಬಂಧ ಕೆಡುತ್ತದೆ.

ಮೊದಲು ತಮ್ಮ ಮನೆಯ ತಕ್ಕಡಿಯನ್ನೇ ಪರೀಕ್ಷಿಸಿಕೊಳ್ಳಿ. ಅಡುಗೆಮನೆಗೆಂದು ಮಾರುವ ಇಂಥ ತಕ್ಕಡಿಗಳಿಗೆ ಇಲಾಖೆಯ ಮುದ್ರೆ ಇರುವುದಿಲ್ಲ. ಅವು ವ್ಯಾಪಾರಕ್ಕೆ ಬಳಸುವಂಥವಲ್ಲ, ಸಾಕ್ಷ್ಯವಾಗಿಯೂ ನಿಲ್ಲುವುದಿಲ್ಲ. ಕಂಪನಿಯ ಒಂದು ಕಿಲೋ ಉಪ್ಪಿನ ಪೊಟ್ಟಣವನ್ನು ಇಟ್ಟು ನೋಡುವುದು ಹಲವರ ರೂಢಿ. ಆದರೆ ಕಾರ್ಖಾನೆಯಲ್ಲಿ ತುಂಬಿದ ಒಂದು ಕಿಲೋ ಪೊಟ್ಟಣದಲ್ಲಿ, ಒಟ್ಟು ಸರಾಸರಿ ಕಡಿಮೆಯಾಗಬಾರದೆಂಬ ಷರತ್ತಿನ ಮೇಲೆ, ಬಿಡಿ ಪೊಟ್ಟಣವೊಂದಕ್ಕೆ 15 ಗ್ರಾಂವರೆಗಿನ ವ್ಯತ್ಯಾಸವನ್ನು ನಿಯಮವೇ ಒಪ್ಪುತ್ತದೆ. ಅದಕ್ಕಿಂತ ನಾಣ್ಯಗಳು ಮೇಲು. ಎರಡು ಬಣ್ಣದ ಹತ್ತು ರೂಪಾಯಿ ನಾಣ್ಯ ಒಂದೊಂದೂ ಸುಮಾರು 7.7 ಗ್ರಾಂ ತೂಗುತ್ತದೆ. ಹತ್ತು ಹೊಸ ನಾಣ್ಯಗಳನ್ನು ಒಟ್ಟಿಗೆ ಇಟ್ಟರೆ ತಕ್ಕಡಿ 77 ಗ್ರಾಂ ಆಸುಪಾಸು ತೋರಿಸಬೇಕು. ದೊಡ್ಡ ತೂಕಕ್ಕೆ ಪಾತ್ರೆಯ ತೂಕ ಕಳೆದು, ಸರಿಯಾಗಿ ಅಳೆದ ಒಂದು ಲೀಟರ್ ನೀರು ಇಡಿ. ಹೆಚ್ಚುಕಡಿಮೆ ಒಂದು ಕಿಲೋ ಬರಬೇಕು. ಇವೆರಡೂ ಸರಿಬಂದರೆ ತಮ್ಮ ಮುಂದಿನ ಮಾತಿಗೆ ಬಲವಿದೆ.

ಈಗ ಅಂಗಡಿಯ ತಕ್ಕಡಿಯ ವಿಷಯ. ಬಹುತೇಕ ದಿನಸಿ ಅಂಗಡಿಗಳಲ್ಲಿ ಈಗ ಇರುವುದು ಎಲೆಕ್ಟ್ರಾನಿಕ್ ತಕ್ಕಡಿ. ಅದರ ಪಕ್ಕದಲ್ಲಿಯೋ ಹಿಂಬದಿಯಲ್ಲಿಯೋ ಒಂದು ಸಣ್ಣ ಲೋಹದ ಫಲಕ ಅಥವಾ ಚೀಟಿ ಅಂಟಿರುತ್ತದೆ. ಅದರಲ್ಲಿ ಮ್ಯಾಕ್ಸ್ 30 ಕೆ.ಜಿ., ಮಿನ್ 100 ಗ್ರಾಂ, ಇ = 5 ಗ್ರಾಂ ಎಂಬಂಥ ಮೂರು ಸಂಖ್ಯೆಗಳನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿರುತ್ತಾರೆ. ಗಿರಾಕಿಗಳು ಯಾರೂ ಓದದ ಈ ಫಲಕದಲ್ಲಿಯೇ ತಮ್ಮ ಏಲಕ್ಕಿಯ ಉತ್ತರವಿದೆ. ಇ ಎಂದರೆ ಆ ತಕ್ಕಡಿ ನಂಬಿಕೆಯಿಂದ ಗುರುತಿಸಬಲ್ಲ ಅತಿ ಸಣ್ಣ ಹೆಜ್ಜೆ. ದಿನಸಿ ಅಂಗಡಿಯ ದರ್ಜೆಯ ತಕ್ಕಡಿಗೆ ಕನಿಷ್ಠ ತೂಕ ಆ ಹೆಜ್ಜೆಯ ಇಪ್ಪತ್ತರಷ್ಟು. ಹಾಗಾಗಿ 5 ಗ್ರಾಂ ಹೆಜ್ಜೆಯ ತಕ್ಕಡಿಯಲ್ಲಿ 100 ಗ್ರಾಂಗಿಂತ ಕಡಿಮೆ ಯಾವುದನ್ನೂ ತೂಗಬಾರದು. ಬಳಕೆಯಲ್ಲಿರುವ ತಕ್ಕಡಿ ಕೆಳಹಂತದ ತೂಕಗಳಲ್ಲಿ ಒಂದು ಹೆಜ್ಜೆಯಷ್ಟು, ಅಂದರೆ 5 ಗ್ರಾಂ, ಆಚೀಚೆ ತೋರಿಸಿದರೂ ಅದು ನಿಯಮದೊಳಗೇ ಇದೆ ಎಂದೇ ಲೆಕ್ಕ. ಒಂದು ಕಿಲೋ ಬೇಳೆಯಲ್ಲಿ 5 ಗ್ರಾಂ ಎಂದರೆ ಅರ್ಧ ಪ್ರತಿಶತ, ಗಮನಕ್ಕೇ ಬಾರದು. 50 ಗ್ರಾಂ ಏಲಕ್ಕಿಯಲ್ಲಿ ಅದೇ 5 ಗ್ರಾಂ ಹತ್ತು ಪ್ರತಿಶತ, 25 ಗ್ರಾಂನಲ್ಲಿ ಇಪ್ಪತ್ತು ಪ್ರತಿಶತ. ಕಿಲೋಗೆ 2,000 ರೂಪಾಯಿಯ ಮಾಲಾದರೆ 5 ಗ್ರಾಂಗೆ 10 ರೂಪಾಯಿ. ಜೊತೆಗೆ ಕವರಿನ ತೂಕ ಸೇರಿರಬಹುದು; ಸಣ್ಣ ತೂಕದಲ್ಲಿ ತಲೆಯ ಮೇಲೆ ತಿರುಗುವ ಫ್ಯಾನಿನ ಗಾಳಿಯೂ ಅಂಕಿಯನ್ನು ಅಲುಗಿಸುತ್ತದೆ. ಆದ್ದರಿಂದ 42 ಗ್ರಾಂ ಎಂಬುದನ್ನು ಮೋಸವೆಂದು ತೀರ್ಮಾನಿಸಲು ಬರುವುದಿಲ್ಲ. ಹಾಗೆಂದು ನಷ್ಟವನ್ನು ಸಹಿಸಿಕೊಂಡೇ ಇರಬೇಕೆಂದೂ ಅಲ್ಲ.

ಇದಕ್ಕೆ ಮೂರು ದಾರಿಗಳಿವೆ, ಮೂರಕ್ಕೂ ಒಂದೊಂದು ತೊಡಕು. ಏಲಕ್ಕಿ, ಲವಂಗ, ಜೀರಿಗೆಯನ್ನು ಒಮ್ಮೆಗೆ 100 ಗ್ರಾಂ ಅಥವಾ ಹೆಚ್ಚು ಕೊಂಡರೆ ತೂಕದ ಅನಿಶ್ಚಯ ತಗ್ಗುತ್ತದೆ, ಆದರೆ ಮನೆಯಲ್ಲಿ ಹೆಚ್ಚು ಕಾಲ ಉಳಿದು ಘಮ ಹೋಗುತ್ತದೆ. ನೆರೆಮನೆಯವರೊಂದಿಗೆ ಹಂಚಿಕೊಳ್ಳುವುದು ನಾನು ಕಂಡ ಒಳ್ಳೆಯ ಉಪಾಯ. ಸೀಲ್ ಮಾಡಿದ ಸಣ್ಣ ಪೊಟ್ಟಣ ಕೊಳ್ಳಬಹುದು, ಆದರೆ 50 ಗ್ರಾಂವರೆಗಿನ ಬಿಡಿ ಪೊಟ್ಟಣಕ್ಕೆ ನಿಯಮ ಒಪ್ಪುವ ವ್ಯತ್ಯಾಸವೇ 9 ಪ್ರತಿಶತ. ಮೂರನೆಯದು, ಒಂದು ಗ್ರಾಂ ಹೆಜ್ಜೆಯ, ಮುದ್ರೆ ಹಾಕಿಸಿದ ಚಿಕ್ಕ ತಕ್ಕಡಿಯನ್ನು ಮಸಾಲೆಗೆಂದೇ ಇಡಲು ಅಂಗಡಿಯವರನ್ನು ಕೇಳುವುದು. ಬೀದಿಯ ಎರಡು ಮೂರು ಮನೆಯವರು ಕೇಳಿದರೆ ಯೋಚಿಸುವ ವ್ಯಾಪಾರಿಗಳಿದ್ದಾರೆ, ಏಕೆಂದರೆ ತೂಕ ಹೆಚ್ಚು ಹೋದಾಗ ನಷ್ಟ ಅವರದ್ದೇ.

ಬೇಳೆಯ ಮಾತು ಬೇರೆ. ಒಂದು ಕಿಲೋ ತೂಕಕ್ಕೆ ತಕ್ಕಡಿಯ ಒಪ್ಪಿತ ವ್ಯತ್ಯಾಸ 5 ಗ್ರಾಂ, ಹೆಜ್ಜೆ 10 ಗ್ರಾಂನದಾದರೆ 10 ಗ್ರಾಂ. ಕವರನ್ನೂ ಸೇರಿಸಿ ತೂಗಿದ್ದರೆ ಇನ್ನೈದು ಗ್ರಾಂ. 35 ಗ್ರಾಂ ಕೊರತೆ ಇದರೊಳಗೆ ಹಿಡಿಯುವುದಿಲ್ಲ. ಕಾರಣಗಳನ್ನು ಊಹಿಸುವ ಮೊದಲು ತಾವು ತಂದ ಬೇಳೆ ಕಣ್ಣೆದುರು ತೂಗಿದ್ದೋ, ಮೊದಲೇ ತುಂಬಿಟ್ಟಿದ್ದೋ ನೆನಪಿಸಿಕೊಳ್ಳಿ. ಗಿರಾಕಿಗಳಿಲ್ಲದ ಮಧ್ಯಾಹ್ನ ಮೂಟೆ ಬಿಚ್ಚಿ ಅರ್ಧ ಕಿಲೋ, ಒಂದು ಕಿಲೋ ಕವರುಗಳನ್ನು ಕಟ್ಟಿ ಜೋಡಿಸಿಡುವುದು ಸಾಮಾನ್ಯ. ಕೆಲಸದ ಹುಡುಗ ಅವಸರದಲ್ಲಿ ಕಟ್ಟಿದ ಈ ಕವರುಗಳಲ್ಲಿಯೇ ಕೊರತೆ ಹೆಚ್ಚಾಗಿ ಸಿಗುತ್ತದೆ. ಕೊಳ್ಳುವವರು ಎದುರಿಗಿಲ್ಲದಾಗ ತೂಗಿ ಕಟ್ಟಿದ್ದು ಕಾನೂನಿನ ದೃಷ್ಟಿಯಲ್ಲಿ ಪೊಟ್ಟಣ ಸರಕೇ ಆಗುವುದರಿಂದ ಅದರ ಮೇಲೆ ಕಟ್ಟಿದವರ ಹೆಸರು ವಿಳಾಸ, ನಿವ್ವಳ ತೂಕ, ಕಟ್ಟಿದ ತಿಂಗಳು, ಗರಿಷ್ಠ ಮಾರಾಟ ಬೆಲೆ ಇರಬೇಕು. ಏನೂ ಬರೆಯದ ಬಿಳಿ ಕವರನ್ನು ತೆಗೆದುಕೊಳ್ಳದೆ, ಮೂಟೆಯಿಂದಲೇ ತೂಗಿಕೊಡಿ ಎಂದು ಕೇಳುವುದು ಸಲೀಸಾದ ಪರಿಹಾರ.

ಎದುರಿಗೆ ತೂಗಿಯೂ ಕೊರತೆ ಬಂದಿದ್ದರೆ ಗಮನಿಸಬೇಕಾದ್ದು ಇಷ್ಟು. ಸರಕು ಇಡುವ ಮೊದಲು ತಕ್ಕಡಿ ಸೊನ್ನೆ ತೋರಿಸುತ್ತಿರಬೇಕು. ಖಾಲಿ ತಟ್ಟೆಯ ಮೇಲೆ ಹತ್ತಿಪ್ಪತ್ತು ಗ್ರಾಂ ಕುಳಿತಿದ್ದರೆ ಅಷ್ಟು ಪ್ರತಿ ತೂಕದಲ್ಲೂ ಕಳೆಯುತ್ತದೆ. ಗಿರಾಕಿಯ ಕಡೆಯ ಅಂಕಿಫಲಕ ಕೆಲಸ ಮಾಡುತ್ತಿರಬೇಕು, ಬಿಸ್ಕತ್ತಿನ ಡಬ್ಬಗಳ ಹಿಂದೆ ಮರೆಯಾಗಿರಬಾರದು. ತಕ್ಕಡಿ ಸಮತಟ್ಟಾಗಿದೆಯೇ ಎಂದು ತಿಳಿಯಲು ಅದರಲ್ಲೊಂದು ಗಾಜಿನ ಗುಳ್ಳೆ ಇರುತ್ತದೆ. ಅದು ನಡುವಿನ ವೃತ್ತದೊಳಗೆ ನಿಂತಿರಬೇಕು. ಕಡೆಯದಾಗಿ ಸತ್ಯಾಪನೆಯ ಮುದ್ರೆ. ಎಲೆಕ್ಟ್ರಾನಿಕ್ ತಕ್ಕಡಿಯನ್ನು 12 ತಿಂಗಳಿಗೊಮ್ಮೆ, ಹಳೆಯ ತೂಗು ತಕ್ಕಡಿ ಮತ್ತು ಕಬ್ಬಿಣದ ಬಟ್ಟುಗಳನ್ನು 24 ತಿಂಗಳಿಗೊಮ್ಮೆ ಇಲಾಖೆಯಿಂದ ಪರೀಕ್ಷಿಸಿ ಮುದ್ರೆ ಹಾಕಿಸಬೇಕು. ಮುದ್ರೆಯಲ್ಲಿ ವರ್ಷದ ಕೊನೆಯ ಎರಡು ಅಂಕಿಗಳೂ, ವರ್ಷದ ಯಾವ ಕಾಲುಭಾಗವೆಂದು ಸೂಚಿಸುವ ಎ, ಬಿ, ಸಿ, ಡಿ ಅಕ್ಷರಗಳಲ್ಲೊಂದೂ ಇರುತ್ತದೆ. ಪ್ರಮಾಣಪತ್ರವನ್ನು ಅಂಗಡಿಯಲ್ಲಿ ಕಾಣುವಂತೆ ಹಾಕಿರಬೇಕು.

ಇನ್ನು ಬೇಳೆಯ ಬಣ್ಣ. ಯಾವ ಬೇಳೆಗೂ ಬಣ್ಣ ಹಾಕಲು ಅನುಮತಿಯಿಲ್ಲ, ಆದರೂ ಮೆಟಾನಿಲ್ ಯೆಲ್ಲೋ ಎಂಬ ನಿಷಿದ್ಧ ಬಣ್ಣ ತೊಗರಿ, ಕಡಲೆಬೇಳೆಗಳಲ್ಲಿ ಸಿಕ್ಕಿರುವುದುಂಟು. ತೊಳೆದ ನೀರು ಕದಡಿದ ಮಾಸಲು ಹಳದಿಯಾಗಿದ್ದರೆ ಅದು ಬೇಳೆಯ ಹಿಟ್ಟೇ ಆಗಿರುವ ಸಾಧ್ಯತೆ ಹೆಚ್ಚು. ಉಜ್ಜದೆ ಬರೀ ನೀರಿಗೆ ಹಾಕಿದ ಕೂಡಲೇ ನೀರು ತಿಳಿಯಾಗಿದ್ದೂ ಢಾಳಾದ ಹಳದಿಗೆ ತಿರುಗಿ, ಬೇಳೆ ಪೇಲವವಾದರೆ ಸಂಶಯಪಡಿ. ಹೈಡ್ರೋಕ್ಲೋರಿಕ್ ಆಮ್ಲದ ಹನಿ ಹಾಕಿದರೆ ಗುಲಾಬಿ ಬಣ್ಣ ಬರುತ್ತದೆಂಬ ಪರೀಕ್ಷೆ ನಿಜವೇ, ಆದರೆ ಸ್ನಾನದ ಮನೆ ತೊಳೆಯುವ ಆ್ಯಸಿಡ್‌ನಿಂದ ಅಡುಗೆಮನೆಯಲ್ಲಿ ಅದನ್ನು ಮಾಡಬೇಡಿ. ಆಮ್ಲ ಅಪಾಯಕಾರಿ ಎಂಬುದು ಒಂದು. ಇನ್ನೊಂದು, ಬೇರೆ ಬಣ್ಣ ಬಳಸಿದ್ದರೆ ಈ ಪರೀಕ್ಷೆಗೆ ಅದು ಸಿಗುವುದೇ ಇಲ್ಲ, ತಮಗೆ ಸುಳ್ಳು ಧೈರ್ಯ ಮಾತ್ರ ಬರುತ್ತದೆ. ಕೊಂಡವರೇ ಶುಲ್ಕ ಕೊಟ್ಟು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿಕೊಳ್ಳಲು 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೆಯ ಸೆಕ್ಷನ್ ಅವಕಾಶ ಕೊಟ್ಟಿದೆ. ಕೊಳ್ಳುವಾಗಲೇ ಬೇಳೆಯನ್ನು ಅಂಗೈ ಮೇಲೆ ಹರಡಿ ನೋಡುವುದೂ ಉಪಯುಕ್ತ: ತೊಗರಿ ದುಂಡಗಿರುತ್ತದೆ, ಮಾರಾಟ ನಿಷಿದ್ಧವಾದ ಕೇಸರಿ ಬೇಳೆ ಒಂದು ಕಡೆ ಇಳಿಜಾರಾಗಿ, ಮೂಲೆಮೂಲೆಯಾಗಿ ಕಾಣುತ್ತದೆ. ಅದನ್ನೇ ಮುಖ್ಯ ಆಹಾರವಾಗಿ ತಿಂಗಳುಗಟ್ಟಲೆ ತಿಂದವರಿಗೆ ಕಾಲಿನ ಸ್ವಾಧೀನ ತಪ್ಪುವ ಕಾಯಿಲೆ ಬರುತ್ತದೆ.

ಇಂಥ ಬಣ್ಣ, ಬೆರಕೆಗಳು ಮೂಲೆಯ ಅಂಗಡಿಯಲ್ಲಿ ಹುಟ್ಟುವುದು ಅಪರೂಪವೆಂಬುದನ್ನೂ ಹೇಳಲೇಬೇಕು. ಆಹಾರ ಸುರಕ್ಷತಾ ಅಧಿಕಾರಿಗಳೊಂದಿಗೆ ಜಂಟಿಯಾಗಿ ತಪಾಸಣೆಗೆ ಹೋದಾಗಲೆಲ್ಲ ನಾನು ಕಂಡದ್ದು, ಸಣ್ಣ ವ್ಯಾಪಾರಿ ಮೂಟೆಯನ್ನು ಸಗಟು ಅಂಗಡಿಯಿಂದ ಇದ್ದಹಾಗೇ ತಂದು ಇದ್ದಹಾಗೇ ಮಾರುತ್ತಾನೆ. ಒಳಗೇನಿದೆಯೆಂಬುದು ಅವನಿಗೂ ತಿಳಿದಿರುವುದಿಲ್ಲ. ಹಾಗಾಗಿ ಬೇಳೆಯ ಬಗ್ಗೆ ಅವರನ್ನು ದೂಷಿಸುವ ಬದಲು ಇದು ಯಾವ ಮಿಲ್ಲಿನದು, ಮೂಟೆಯ ಚೀಟಿ ಇದೆಯೇ ಎಂದು ಕೇಳಿ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಬಂದ ಮೇಲೆ ಆ ಹೆಸರು ಹೇಳಿ ಹೆಚ್ಚಿನ ದರ ಕೇಳುವವರಿದ್ದಾರೆ. ಚೀಟಿ ತೋರಿಸಲಾಗದವರಿಗೆ ಆ ದರ ಕೊಡುವ ಅಗತ್ಯವಿಲ್ಲ.

ಪ್ಲಾಸ್ಟಿಕ್ ಅಕ್ಕಿ ಎಂಬುದಿಲ್ಲ. ಕುದಿಯುವ ನೀರಿನಲ್ಲಿ ಪ್ಲಾಸ್ಟಿಕ್ ಬೆಂದು ಅನ್ನವಾಗುವುದಿಲ್ಲ. ತೇಲುವ ಕಾಳುಗಳಿಗೆ ಎರಡು ವಿವರಣೆಗಳಿವೆ. ಹುಳು ಒಳಗಿನಿಂದ ತಿಂದ ಟೊಳ್ಳು ಕಾಳು ತೇಲುತ್ತದೆ. ಅದನ್ನು ಮುರಿದರೆ ಪುಡಿ ಕಾಣುತ್ತದೆ. ಹಾಗಿಲ್ಲದೆ ಅಕ್ಕಿಯದೇ ಆಕಾರದ, ಸ್ವಲ್ಪ ಬೇರೆ ಬಣ್ಣದ ಕಾಳುಗಳು ನೂರಕ್ಕೊಂದರಂತೆ ಸಿಕ್ಕರೆ ಅವು ಸಾರವರ್ಧಿತ ಕಾಳುಗಳು. ಅಕ್ಕಿ ಹಿಟ್ಟಿಗೆ ಕಬ್ಬಿಣದ ಅಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಒತ್ತಿ ತಯಾರಿಸಿ, ಕಿಲೋಗೆ ಸುಮಾರು 10 ಗ್ರಾಂನಂತೆ ಪಡಿತರದ ಅಕ್ಕಿಗೆ ಬೆರೆಸಿದಂಥವು. ಆರೋಗ್ಯದ ದೃಷ್ಟಿಯಿಂದ ಗಾಬರಿಪಡುವಂಥದ್ದೇನೂ ಇಲ್ಲ. ಆದರೆ ಮಾಪನ ನಿರೀಕ್ಷಕನಾಗಿ ನನ್ನ ಕಿವಿ ನಿಮಿರುವುದು ಬೇರೆ ಕಾರಣಕ್ಕೆ. ಮಾರುಕಟ್ಟೆಯ ಸಾರವರ್ಧಿತ ಅಕ್ಕಿ ಗುರುತುಳ್ಳ ಪೊಟ್ಟಣದಲ್ಲಿ ಬರುತ್ತದೆ. ಅಂಗಡಿಯ ಬಿಡಿ ಅಕ್ಕಿಯಲ್ಲಿ ಈ ಕಾಳುಗಳು ಪ್ರತಿಸಲವೂ ಸಿಗುತ್ತಿದ್ದರೆ ಅದು ಪಡಿತರದಿಂದ ಅಡ್ಡದಾರಿಯಲ್ಲಿ ಬಂದ ಅಕ್ಕಿಯಾಗಿರಬಹುದು. ಹೀಗೆ ಬಂದ ಅಕ್ಕಿಯನ್ನು ಕೊಳ್ಳದಿರುವುದು ಒಳ್ಳೆಯದು.

ಹುಳುವಿನ ಮಾತು ಬಂದಿದ್ದರಿಂದ ಒಂದು ನಂಬಿಕೆಯನ್ನು ತಿದ್ದಬೇಕು. ಹುಳು ಬಂದರೆ ಔಷಧಿ ಹೊಡೆದಿಲ್ಲ, ಶುದ್ಧ ಸರಕು ಎಂದು ಹೇಳುವವರಿದ್ದಾರೆ. ಅದು ಸರಕು ಮೂಟೆಯಲ್ಲಿ ಹಳೆಯದಾಗಿದೆ ಎಂಬುದರ ಗುರುತು ಮಾತ್ರ. ಹೆಸರುಕಾಳು, ಅಲಸಂದೆ, ಕಡಲೆ ಕೊಳ್ಳುವಾಗ ಕಾಳಿನ ಮೈಮೇಲೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆಗಳು ಅಂಟಿವೆಯೇ ನೋಡಿ. ಅವು ಮೊಟ್ಟೆಗಳು, ಕೆಲವೇ ವಾರಗಳಲ್ಲಿ ಒಂದೊಂದರಿಂದ ಒಂದು ದುಂಡು ತೂತು ಸಿದ್ಧ. ಇದಕ್ಕೆ ಮದ್ದೆಂದು ಬೋರಿಕ್ ಪುಡಿ ಬೆರೆಸುವುದು ಹಲವು ಮನೆಗಳ ರೂಢಿ. ಅದನ್ನು ಆಹಾರದಲ್ಲಿ ಬಳಸಲು ಅನುಮತಿಯಿಲ್ಲ, ದಯವಿಟ್ಟು ಬಿಡಿ. ಹರಳೆಣ್ಣೆ ಸವರುವುದು ಸಾಕು. ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗಳನ್ನು ಮನೆಯಲ್ಲಾಗಲಿ ವಾಸದ ಮನೆಗೆ ಅಂಟಿದ ಅಂಗಡಿಯಲ್ಲಾಗಲಿ ಇಡುವುದು ಪ್ರಾಣಕ್ಕೇ ಅಪಾಯ. ಅದರಿಂದ ಹೊಮ್ಮುವ ಅನಿಲ ಮಲಗಿದವರನ್ನು ಕೊಂದ ಪ್ರಕರಣಗಳಿವೆ. ಸಣ್ಣ ಅಂಗಡಿಯಲ್ಲಿ ಬೇಗ ಖಾಲಿಯಾಗುವ ಅಕ್ಕಿ, ತೊಗರಿಬೇಳೆ, ಸಕ್ಕರೆ, ರವೆಯನ್ನು ಬಿಡಿಯಾಗಿ ಕೊಳ್ಳಿ. ತಿಂಗಳಿಗೊಬ್ಬರು ಕೇಳುವ ಸರಕನ್ನು, ಅಡುಗೆ ಎಣ್ಣೆಯನ್ನು, ಪುಡಿ ಮಾಡಿದ ಅರಿಶಿನ ಮೆಣಸಿನಕಾಯಿಗಳನ್ನು ಪೊಟ್ಟಣದಲ್ಲಿ, ದಿನಾಂಕ ನೋಡಿ ಕೊಳ್ಳಿ. ಡ್ರಮ್ಮಿನಿಂದ ಅಳೆದು ಕೊಡುವ ಬಿಡಿ ಎಣ್ಣೆಗೆ ರಾಜ್ಯ ಸರ್ಕಾರ ವಿನಾಯಿತಿ ಕೊಟ್ಟ ಹೊರತು ಅವಕಾಶವೇ ಇಲ್ಲ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಗಸಗಸೆ ಕುಟುಂಬದ ಆರ್ಜಿಮೋನ್ ಗಿಡದ ಎಣ್ಣೆ ಬೆರೆತು ಹಲವಾರು ಜನ ಸತ್ತದ್ದನ್ನು ಮರೆಯುವಂತಿಲ್ಲ.

ಫ್ರಿಜ್ ಖರ್ಚಿನ ಬಗ್ಗೆ ಕಾನೂನು ಸ್ಪಷ್ಟ. ಪೊಟ್ಟಣದ ಮೇಲೆ ಅಚ್ಚಾದ ಗರಿಷ್ಠ ಮಾರಾಟ ಬೆಲೆಯಲ್ಲಿ ಎಲ್ಲ ತೆರಿಗೆಗಳೂ ಸೇರಿವೆ. ತಂಪು ಮಾಡಿದ್ದಕ್ಕೆಂದು ಅಂಗಡಿಯವರು ಒಂದು ರೂಪಾಯಿಯನ್ನೂ ಮೇಲೆ ಪಡೆಯುವಂತಿಲ್ಲ. ಹೋಟೆಲುಗಳು ಹೆಚ್ಚು ಪಡೆಯಬಹುದೆಂದು 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಕೆಲವು ವ್ಯಾಪಾರಿಗಳು ಉದಾಹರಿಸುತ್ತಾರೆ. ಅದು ಕುಳಿತು ಬಡಿಸಿಕೊಳ್ಳುವ ಸೇವೆಗೆ ಸಂಬಂಧಿಸಿದ್ದು, ಅಂಗಡಿಗೆ ಅನ್ವಯಿಸುವುದಿಲ್ಲ. ಹಾಲಿನ ಮೇಲೆ ಅಂಗಡಿಯವರಿಗೆ ಸಿಗುವ ಕಮಿಷನ್ ಬಹಳ ಕಡಿಮೆ, ಕರೆಂಟಿನ ಬಿಲ್ಲು ಭಾರ ಎಂಬುದು ನಿಜವಾದ ಕಷ್ಟವೇ. ಆದರೆ ಅದನ್ನು ಕೇಳಬೇಕಾದದ್ದು ಡೇರಿಯವರಲ್ಲಿ, ತಮ್ಮಲ್ಲಲ್ಲ.

ನಗದಿನ ಒತ್ತಾಯಕ್ಕೆ ಹಿನ್ನೆಲೆಯಿದೆ. ಯುಪಿಐ ವಹಿವಾಟಿನ ಲೆಕ್ಕ ಹಿಡಿದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟ ಮೇಲೆ, 2025ರ ಜುಲೈನಲ್ಲಿ ಬೆಂಗಳೂರಿನ ಅನೇಕ ಅಂಗಡಿಗಳಲ್ಲಿ ನಗದು ಮಾತ್ರ ಎಂಬ ಚೀಟಿಗಳು ಕಾಣಿಸಿಕೊಂಡವು. ಸರಕು ಮಾರುವವರು ಜಿಎಸ್‌ಟಿ ನೋಂದಣಿ ಮಾಡಿಸಬೇಕಾದ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು. ಬಿಡಿ ಅಕ್ಕಿ ಬೇಳೆಗೆ ತೆರಿಗೆಯೇ ಇಲ್ಲ. ಗುರುತು ಹಚ್ಚಿದ 25 ಕಿಲೋವರೆಗಿನ ಪೊಟ್ಟಣಕ್ಕೆ 2022ರ ಜುಲೈ 18ರಿಂದ 5 ಪ್ರತಿಶತ ಇದೆ. ಅವರ ಹೆದರಿಕೆ ಅರ್ಥವಾಗುವಂಥದ್ದು. ತಮ್ಮ ಪಾಲಿಗೆ ಮುಖ್ಯವಾದದ್ದು, ನಗದು ಕೊಟ್ಟರೆ ಕೊಂಡದ್ದಕ್ಕೆ ಯಾವ ಗುರುತೂ ಉಳಿಯುವುದಿಲ್ಲ ಎಂಬುದು. ಫೋನಿನಲ್ಲಿ ಕೊಟ್ಟರೂ ಮೊತ್ತ ಉಳಿಯುತ್ತದೆಯೇ ಹೊರತು ಏನು ಕೊಂಡಿರಿ ಎಂಬುದು ಉಳಿಯುವುದಿಲ್ಲ. ಆದ್ದರಿಂದ ದಿನಾಂಕ, ಸರಕು, ತೂಕ, ದರ ಬರೆದು ಅಂಗಡಿಯ ಮೊಹರು ಒತ್ತಿದ ಚೀಟಿ ಕೇಳಿ. ಬಿಲ್ಲು ನಿರಾಕರಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಅನುಚಿತ ವ್ಯಾಪಾರ ಪದ್ಧತಿ. ಮಾರಿದ ಸರಕನ್ನು ವಾಪಸ್ ಪಡೆಯುವುದಿಲ್ಲ ಎಂಬ ಫಲಕ ಹಾಕಿದ್ದರೂ, ಸರಕಿನಲ್ಲಿ ದೋಷವಿದ್ದಾಗ ಬಿಲ್ಲಿನಲ್ಲಿ ಬೇರೆ ಅವಧಿ ಹೇಳಿರದಿದ್ದರೆ 30 ದಿನಗಳೊಳಗೆ ಹಿಂದಕ್ಕೆ ಪಡೆಯಬೇಕು. ಉದ್ರಿ ಲೆಕ್ಕಕ್ಕೆ ಒಂದು ಪುಸ್ತಕ ಅಂಗಡಿಯಲ್ಲಿ, ಒಂದು ತಮ್ಮ ಮನೆಯಲ್ಲಿರಲಿ. ಪ್ರತಿಸಲವೂ ಎರಡರಲ್ಲೂ ಬರೆಯಿಸಿ.

ಆ್ಯಪ್‌ನಲ್ಲಿ ತರಿಸಿದರೆ ಇವೆಲ್ಲ ತಪ್ಪುವವೇ? ಬೆಲೆ ಬರಹದಲ್ಲಿ ಸಿಗುತ್ತದೆ, ತೂಕ ಕಂಪನಿಯದ್ದು. ಅಷ್ಟು ಅನುಕೂಲ ನಿಜ. ಆದರೆ ಜಾಲತಾಣದಲ್ಲಿ ಮಾರುವವರು ತಯಾರಿಸಿದ ತಿಂಗಳನ್ನು ಮೊದಲೇ ತೋರಿಸಬೇಕೆಂದು ಪೊಟ್ಟಣ ಸರಕು ನಿಯಮ ಹೇಳುವುದಿಲ್ಲ. ಅಂಗಡಿಯಲ್ಲಾದರೆ ಪೊಟ್ಟಣವನ್ನು ತಿರುಗಿಸಿ ನೋಡಿ, ಬೇಡವಾದರೆ ಅಲ್ಲೇ ಇಡಬಹುದು. ಆ್ಯಪ್‌ನಲ್ಲಿ ಬೇಳೆಯನ್ನು ಅಂಗೈ ಮೇಲೆ ಹರಡಿ ನೋಡಲೂ ಆಗುವುದಿಲ್ಲ, ಉದ್ರಿಯೂ ಇಲ್ಲ. ನನ್ನ ಅಭಿಪ್ರಾಯದಲ್ಲಿ ಇಷ್ಟಕ್ಕೇ ಅಂಗಡಿ ಬಿಡಬೇಕಾಗಿಲ್ಲ. ಸುಮ್ಮನೆ ಸಹಿಸಿಕೊಂಡಿರುವುದನ್ನು ಬಿಡಬೇಕು.

ಸಂಕೋಚದ ಬಗ್ಗೆ ಹೇಳುವುದಾದರೆ, ಉದ್ರಿ ಕೊಟ್ಟದ್ದು ಅವರ ದೊಡ್ಡತನ; ತಾವು ಅದನ್ನು ತೀರಿಸಿದ್ದೀರಿ. ತೂಕ ಕೇಳುವುದರಿಂದ ಆ ಋಣಕ್ಕೆ ಅಪಚಾರವಾಗುವುದಿಲ್ಲ. ಗಿರಾಕಿಗಳು ಹೆಚ್ಚಿಲ್ಲದ ಹೊತ್ತಿನಲ್ಲಿ ಹೋಗಿ, ಸೀಲ್ ಬಿಚ್ಚದ ಕವರನ್ನೇ ಅವರ ತಕ್ಕಡಿಯ ಮೇಲೆ ಇಟ್ಟು, "ಅಣ್ಣಾ, ಮನೇಲಿ ತೂಗಿದಾಗ ಕಡಿಮೆ ಬಂತು, ಒಂದ್ಸಲ ನೋಡಿ" ಎನ್ನಿ. ನಾಲ್ಕು ಜನರೆದುರು ಕೇಳಿದರೆ ಪ್ರಾಮಾಣಿಕರೂ ಮುಖ ಕೆಡಿಸಿಕೊಳ್ಳುತ್ತಾರೆ. ಅವರ ತಕ್ಕಡಿಯೂ ಕಡಿಮೆ ತೋರಿಸಿದರೆ ತಪ್ಪು ಕವರು ಕಟ್ಟಿದ್ದರಲ್ಲಿದೆ, ಅಲ್ಲೇ ಸರಿಹೋಗುತ್ತದೆ. ಅವರದು ಸರಿಯಾಗಿ ಒಂದು ಕಿಲೋ ತೋರಿಸಿದರೆ ತಕ್ಕಡಿಯನ್ನು ಸರ್ವಿಸ್ ಮಾಡಿಸಿ ಮುದ್ರೆ ಹಾಕಿಸಲು ಹೇಳಿ, ಒಂದೆರಡು ವಾರ ಬಿಟ್ಟು ಮತ್ತೆ ತೂಗಿ ನೋಡಿ.

ಆಮೇಲೂ ಅದೇ ಕೊರತೆ ಬಂದರೆ, ಅಥವಾ ಮಾತಿಗೇ ಅವಕಾಶ ಕೊಡದಿದ್ದರೆ, ತಮ್ಮ ವ್ಯಾಪ್ತಿಯ ಕಾನೂನು ಮಾಪನಶಾಸ್ತ್ರ ನಿರೀಕ್ಷಕರಿಗೆ ಲಿಖಿತ ದೂರು ಕೊಡಿ, ಇಲ್ಲವೇ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ. ಬಣ್ಣ, ಬೆರಕೆಯ ಸಂಶಯವಾದರೆ ದೂರು ಹೋಗಬೇಕಾದದ್ದು ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ. ದೂರಿನಲ್ಲಿ ತಕ್ಕಡಿಯ ಫಲಕದ ಮೂರು ಸಂಖ್ಯೆಗಳು, ಮುದ್ರೆಯ ಅಕ್ಷರ ಮತ್ತು ವರ್ಷ, ಕೊಂಡ ದಿನಾಂಕ, ಚೀಟಿಯ ಪ್ರತಿ ಇರಲಿ, ಕವರನ್ನು ಬಿಚ್ಚದೆ ಇಟ್ಟುಕೊಳ್ಳಿ.